ಚಂದ್ರಿಕೆ ಬಾಡಿಗೆಗೆ ಸಿಗುವಾಗ ಬಿದಿರು ಸೀಳೋದ್ಯಾಕೆ?

ನಮ್ಮ ಇಂಡಸ್ಟ್ರಿಯಲ್ಲಿ ಒಂದು ಶೋಕಿ ಇದೆ. ಸಿ ಪ್ಲಸ್ ಪ್ಲಸ್ ಕೋಡು ಸ್ವಲ್ಪ ನಿಧಾನ ಅನ್ನಿಸಿದರೆ ಸಾಕು, ಟೀಮಿನಲ್ಲಿ ಯಾರೋ ಒಬ್ಬರು "ಮ್ಯಾಲಕ್ ಸ್ಲೋ ಗುರು, ನಮ್ದೇ ಅಲೊಕೇಟರ್ ಬರೆದುಬಿಡೋಣ" ಅಂತಾರೆ. ಪ್ರೊಫೈಲರ್ ಓಡಿಸಿ ನೋಡಿದ್ರಾ ಅಂತ ಕೇಳಿ, ಉತ್ತರ ಇರಲ್ಲ. ಆದರೂ ಮೂರು ವಾರದಲ್ಲಿ ಕೋಡು ರೆಡಿ. ರಿವ್ಯೂನಲ್ಲಿ ಎಲ್ಲರೂ ತಲೆದೂಗ್ತಾರೆ, ಅಪ್ರೈಸಲ್‌ನಲ್ಲಿ ಒಂದು ಸಾಲು ಸೇರುತ್ತೆ. ನನ್ನ ತಕರಾರು ಈ ಶೋಕಿಯ ಮೇಲೆ.

'ನ್ಯೂ' ಅಂತ ಬರೆದಾಗ ಎರಡು ಕೆಲಸ ಆಗುತ್ತೆ. ಮೊದಲು ಮೆಮೊರಿಯಲ್ಲಿ ಜಾಗ ಹುಡುಕೋದು, ಆಮೇಲೆ ಅಲ್ಲಿ ಕನ್‌ಸ್ಟ್ರಕ್ಟರ್ ಓಡಿಸಿ ಆಬ್ಜೆಕ್ಟ್ ಕಟ್ಟೋದು. ಪ್ಲೇಸ್‌ಮೆಂಟ್ ನ್ಯೂ ಬಳಸಿದರೆ ಜಾಗ ನಿಮ್ಮದು, ಕಟ್ಟೋದಷ್ಟೇ ಭಾಷೆಯದು. ಕೇಳೋಕೆ ಚೆನ್ನಾಗಿದೆ. ಆದರೆ ಕೆಡವೋದೂ ಈಗ ನಿಮ್ಮದೇ. ಡಿಸ್ಟ್ರಕ್ಟರನ್ನು ಕೈಯಾರೆ ಕರೀಬೇಕು. ಮರೆತರೆ ಅದು ಹಿಡಿದಿದ್ದ ಫೈಲು, ಸಾಕೆಟ್ ಹಾಗೇ ತೆರೆದಿರುತ್ತೆ.

ಇಷ್ಟೆಲ್ಲ ಮಾಡಿದ್ದಕ್ಕೆ ವೇಗವಾದರೂ ಸಿಗುತ್ತಾ? 2002ರಲ್ಲಿ ಎಮೆರಿ ಬರ್ಗರ್, ಬೆಂಜಮಿನ್ ಜಾರ್ನ್, ಕ್ಯಾಥ್ರಿನ್ ಮೆಕಿನ್ಲಿ ಇದನ್ನೇ ಅಳೆದು ನೋಡಿದರು. ಸ್ವಂತ ಅಲೊಕೇಟರ್ ಇದ್ದ 8 ಪ್ರೋಗ್ರಾಂಗಳನ್ನು ಡಗ್ ಲೀ ಬರೆದ ಸಾಮಾನ್ಯ ಅಲೊಕೇಟರ್ ಜೊತೆ ಹೋಲಿಸಿದರು. 6ರಲ್ಲಿ ಸಾಮಾನ್ಯದ್ದೇ ಸರಿಸಮ, ಇಲ್ಲವೇ ಮೇಲು. ಗೆದ್ದ ಎರಡೂ ಪ್ರೋಗ್ರಾಂಗಳು 'ರೀಜನ್' ಬಳಸಿದ್ದವು. ಅಂದರೆ ತುಂಬಾ ಆಬ್ಜೆಕ್ಟ್‌ಗಳನ್ನು ಒಂದೇ ಜಾಗದಲ್ಲಿಟ್ಟು, ಕೊನೆಗೆ ಇಡೀ ಜಾಗವನ್ನು ಒಟ್ಟಿಗೆ ಬಿಡೋದು.

ಇದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಹೊಸದೇನಲ್ಲ. ನಮ್ಮ ಕಡೆ ನಾಲ್ಕು ಜ್ವರ ದಾಟಿ ಹಣ್ಣಾದ ರೇಷ್ಮೆ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡ್ತಾರೆ. ಹುಳುವಿಗೊಂದು ಮನೆ ಅಂತ ಯಾರೂ ಕಟ್ಟಲ್ಲ. ಐದಾರು ದಿನಕ್ಕೆ ಇಡೀ ಚಂದ್ರಿಕೆಯ ಗೂಡು ಒಟ್ಟಿಗೇ ಬಿಡಿಸ್ತಾರೆ. ಒಟ್ಟಿಗೆ ಹುಟ್ಟಿ ಒಟ್ಟಿಗೆ ಮುಗಿಯೋ ಆಬ್ಜೆಕ್ಟ್‌ಗಳಿಗೆ ಇದೇ ಸರಿ. ಒಂದು ರಿಕ್ವೆಸ್ಟಿನ ಡೇಟಾ, ಗೇಮಿನ ಒಂದು ಫ್ರೇಮು, ಕಂಪೈಲರಿನ ಟ್ರೀ ಎಲ್ಲ ಈ ಜಾತಿ. ಹಸು ಕಟ್ಟೋಕೂ ಚಂದ್ರಿಕೆ ತರ್ತೀನಿ ಅನ್ನೋರ ಜೊತೆ ನನ್ನ ಜಗಳ.

ಇನ್ನೊಂದು ಮಾತು. ರೈತ ಪ್ರತಿ ಬೆಳೆಗೂ ಬಿದಿರು ಸೀಳಿ ಚಂದ್ರಿಕೆ ಹೆಣೆಯೋಕೆ ಕೂರಲ್ಲ, ಬಾಡಿಗೆಗೆ ತರ್ತಾನೆ. ಸಿ ಪ್ಲಸ್ ಪ್ಲಸ್ 17ರಲ್ಲಿ 'ಮೊನೊಟೋನಿಕ್ ಬಫರ್ ರಿಸೋರ್ಸ್' ಅಂತ ರೆಡಿ ಚಂದ್ರಿಕೆಯೇ ಇದೆ. ಸಾಮಾನ್ಯ ಕೆಲಸಕ್ಕೆ ಜೆಮ್ಯಾಲಕ್, ಟಿಸಿಮ್ಯಾಲಕ್ ಇವೆ. ವರ್ಷಗಟ್ಟಲೆ ಎಷ್ಟೋ ಜನ ತಿದ್ದಿದ ಕೋಡು ಅದು. ಮೂರು ವಾರದಲ್ಲಿ ಅದನ್ನು ಮೀರಿಸ್ತೀನಿ ಅನ್ನೋ ಧೈರ್ಯ ಎಲ್ಲಿಂದ ಬರುತ್ತೆ?

ಕೆಟ್ಟರೆ ಏನಾಗುತ್ತೆ ಅನ್ನೋದು ಹಾರ್ಟ್‌ಬ್ಲೀಡ್‌ನಲ್ಲಿ ಗೊತ್ತಾಯ್ತು. 2014ರ ಏಪ್ರಿಲ್‌ನಲ್ಲಿ ಬಯಲಾದ ಓಪನ್‌ಎಸ್‌ಎಸ್‌ಎಲ್ ತಪ್ಪು ಅದು. ಮೂಲ ದೋಷ, ಉದ್ದ ಪರೀಕ್ಷಿಸದೆ ಮೆಮೊರಿ ಓದಿದ್ದು. ಆದರೆ ಓಪನ್‌ಎಸ್‌ಎಸ್‌ಎಲ್ ಬಿಟ್ಟ ಬಫರ್‌ಗಳನ್ನು ತನ್ನದೇ ಫ್ರೀಲಿಸ್ಟ್‌ನಲ್ಲಿಟ್ಟು ಮತ್ತೆ ಬಳಸ್ತಿತ್ತು. ಅದರಿಂದ ಓಪನ್‌ಬಿಎಸ್‌ಡಿಯ ಮ್ಯಾಲಕ್‌ನಲ್ಲಿದ್ದ ಕಾವಲು ಕೆಲಸಕ್ಕೆ ಬರದಂತಾಯ್ತು ಅಂತ ಥಿಯೋ ಡಿ ರಾಟ್ ಬಹಿರಂಗವಾಗೇ ಬೈದರು. ತೊಳೆಯದ ಚಂದ್ರಿಕೆಗೆ ಹೊಸ ಹುಳು ಬಿಟ್ಟ ಹಾಗೆ: ಹಳೇ ಬೆಳೆಯ ರೋಗ ಹೊಸ ಬೆಳೆಗೆ. ನಿಮ್ಮ ಪೂಲ್ ಕಥೆಯೂ ಇದೇ. ವಾಲ್‌ಗ್ರೈಂಡ್, ಅಡ್ರೆಸ್ ಸ್ಯಾನಿಟೈಸರ್‌ಗೆ ನೀವಾಗಿ ಹೇಳದಿದ್ದರೆ ಇಡೀ ಪೂಲ್ ಒಂದೇ ದೊಡ್ಡ ಬ್ಲಾಕ್. ಒಳಗಿನ ಕೊಳಕು ಕಾಣಲ್ಲ.

ಬೆಲೆ ತೆರೋರು ಯಾರು? ಬರೆದವರು ಹೈಕ್ ತಗೊಂಡು ಬೇರೆ ಕಂಪನಿ ಸೇರಿರ್ತಾರೆ. ರಾತ್ರಿ ಎರಡಕ್ಕೆ ಫೋನ್ ಬರೋದು ಹೋದ ತಿಂಗಳು ಸೇರಿದ ಫ್ರೆಶರ್‌ಗೆ. ಆಚೆ ತುದಿಯಲ್ಲಿರೋದು ನಮ್ಮೂರಿನವರೇ. ಗೂಡು ಮಾರಿದ ದುಡ್ಡು ಇವತ್ತು ಬ್ಯಾಂಕ್ ಖಾತೆಗೆ ಬೀಳುತ್ತೆ, ಅದರ ಹಿಂದೆಯೂ ಯಾವುದೋ ಸರ್ವರು, ಯಾರದೋ ಕೋಡು ಇರುತ್ತೆ.

ಹಾಗಾಗಿ ರಿವ್ಯೂಗೆ ಕೂರೋ ಗೆಳೆಯರಿಗೆ ಒಂದೇ ಮಾತು. ಮುಂದಿನ ಸಲ ಸ್ವಂತ ಅಲೊಕೇಟರ್ ಬಂದಾಗ ತಲೆದೂಗಬೇಡಿ. ಪ್ರೊಫೈಲರ್ ಅಂಕಿ ಕೇಳಿ. ರೆಡಿ ಇರೋದನ್ನು ಹಾಕಿ ನೋಡಿದ ಅಂಕಿಯನ್ನೂ ಕೇಳಿ. ಎರಡೂ ಇಲ್ಲ ಅಂದ್ರೆ ವಾಪಸ್ ಕಳಿಸಿ.