ಚೀಲವನ್ನು ಬೈದದ್ದು ಸಾಕು, ಮಕ್ಕಳಿಗೆ ಮೈದಾನ ಬಿಟ್ಟುಕೊಡಿ



ಕಳೆದ ತಿಂಗಳ ಒಂದು ಭಾನುವಾರ ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತಿದ್ದಾಗ ನಡೆದ ಮಾತು ಇದು. ಹತ್ತನೇ ತರಗತಿಯಲ್ಲಿ ಓದುವ ನನ್ನ ತಂಗಿ ಅಂದು ಎಲ್ಲರೂ ಎದ್ದು ನಿಂತಾಗ ಎರಡು ಸಲ ಕುಳಿತೇ ಇದ್ದಳು. "ಏನಾಯ್ತು ಮಗಾ?" ಎಂದು ನಮ್ಮ ವಾಳೆಯ ದೊಡ್ಡಮ್ಮ ಒಬ್ಬರು ಕೇಳಿದರು. "ಸೊಂಟ ನೋವು ದೊಡ್ಡಮ್ಮ" ಎಂದಳು. ಅಷ್ಟೇ ಸಾಕಾಯಿತು. ಒಬ್ಬರು ಶಾಲೆಯ ಬ್ಯಾಗನ್ನು ಬೈದರು. ಇನ್ನೊಬ್ಬರು, ಎಣ್ಣೆ ಹಚ್ಚಿ ಎರಡು ವಾರ ಮಲಗಿಸಿ ಎಂದರು. ಮತ್ತೊಬ್ಬರು ಬೆಲ್ಟ್ ಕಟ್ಟಿಸಿ ಎಂದರು. ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಸ್ಕ್ಯಾನ್ ಮಾಡಿಸಿಯೇ ಬಿಡಿ ಎಂದರು ನಾಲ್ಕನೆಯವರು. ಕೊನೆಗೆ ಎಲ್ಲರೂ ಒಪ್ಪಿದ ಮಾತು ಒಂದೇ: "ಈ ವರ್ಷ ಆಟಗೀಟ ಎಲ್ಲ ಬಂದ್. ಎಸ್ಸೆಸ್ಸೆಲ್ಸಿ ಅಲ್ವಾ?"

ಅದೇ ದಿನ ಪೂಜೆಯ ಕೊನೆಗೆ ಒಂದು ಪ್ರಕಟಣೆಯೂ ಇತ್ತು. ಚರ್ಚಿನ ಹಿಂದಿರುವ ಮೈದಾನಕ್ಕೆ ಇಂಟರ್‌ಲಾಕ್ ಹಾಸಿ ವಾಹನ ನಿಲ್ಲಿಸಲು ಜಾಗ ಮಾಡುವ ಯೋಜನೆ ಪಾಲನಾ ಮಂಡಳಿಯ ಮುಂದಿದೆಯಂತೆ. ಯಾರೂ ತಲೆ ಎತ್ತಲಿಲ್ಲ. ಈ ಎರಡೂ ಬೇರೆ ಬೇರೆ ಸುದ್ದಿ ಎಂದು ಎಲ್ಲರೂ ಅಂದುಕೊಂಡರು. ನನಗೆ ಹಾಗೆ ಅನಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂದು ಸಲಹೆ ಕೊಟ್ಟವರೆಲ್ಲ ನನ್ನ ತಂಗಿಯನ್ನು ಎತ್ತಿ ಆಡಿಸಿದವರು. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯ ಇಲ್ಲ. ಆದರೆ ಪ್ರೀತಿಯಿಂದ ಹೇಳಿದ ಮಾತೆಲ್ಲ ಸರಿ ಇರಬೇಕೆಂದಿಲ್ಲ. ಒಂದೊಂದಾಗಿ ನೋಡೋಣ.

ಬ್ಯಾಗ್ ಒಂದೇ ತಪ್ಪಿತಸ್ಥನೇ?

ಮಕ್ಕಳ ಬೆನ್ನು ನೋವು ಎಂದ ಕೂಡಲೇ ನಾವು ಬ್ಯಾಗಿನ ಕಡೆ ಬೆರಳು ತೋರಿಸುತ್ತೇವೆ. 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಈ ಪ್ರಶ್ನೆಯ ಮೇಲೆಯೇ ಒಂದು ವಿಮರ್ಶೆ ಬಂತು. ಸಂಶೋಧಕರು 69 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಒಟ್ಟು 72,627 ಮಂದಿ ಭಾಗವಹಿಸಿದ್ದರು. ಬ್ಯಾಗಿನ ತೂಕವಾಗಲಿ, ಅದರ ವಿನ್ಯಾಸವಾಗಲಿ, ಅದನ್ನು ಹೊರುವ ರೀತಿಯಾಗಲಿ ಬೆನ್ನು ನೋವಿನ ಅಪಾಯವನ್ನು ಹೆಚ್ಚಿಸುತ್ತದೆ ಎಂದು ನಂಬುವಂಥ ಪುರಾವೆ ಅವರಿಗೆ ಸಿಗಲಿಲ್ಲ.

ಹಾಗೆಂದು ಮಕ್ಕಳ ಬೆನ್ನಿಗೆ ಕಲ್ಲು ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಬ್ಯಾಗಿನ ತೂಕ ಮಗುವಿನ ತೂಕದ ಶೇ. 10ರ ಒಳಗಿರಬೇಕು ಎಂದು ನಮ್ಮ ದೇಶದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ಅದು ಒಳ್ಳೆಯದೇ, ಪಾಲಿಸಲಿ. ನನ್ನ ತಕರಾರು ಬೇರೆ. ಬ್ಯಾಗನ್ನು ಬೈದರೆ ನಾವು ಬೇರೇನೂ ಮಾಡಬೇಕಾಗಿಲ್ಲ. ತಪ್ಪು ಶಾಲೆಯದ್ದು, ಸರಕಾರದ್ದು ಎಂದು ಹೇಳಿ ಮನೆಗೆ ಹೋಗಬಹುದು. ಮಗು ದಿನಕ್ಕೆ ಎಷ್ಟು ಹೊತ್ತು ಮೈ ಅಲ್ಲಾಡಿಸುತ್ತದೆ ಎಂದು ಯಾರೂ ನಮ್ಮನ್ನು ಕೇಳುವುದಿಲ್ಲ.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ 11ರಿಂದ 14 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಅವರಿಗೆ ಸೊಂಟ ನೋವು ಇರಲಿಲ್ಲ. ವರ್ಷ ಕಳೆಯುವಾಗ ಸುಮಾರು ಐದರಲ್ಲಿ ಒಬ್ಬರಿಗೆ ಬಂದಿತ್ತು. ಯಾರಿಗೆ ಬಂತು? ಭಾರದ ಬ್ಯಾಗ್ ಹೊತ್ತವರಿಗೆ ಹೆಚ್ಚು ಬಂದಿರಲಿಲ್ಲ. ಮನಸ್ಸಿನಲ್ಲಿ ಒತ್ತಡ ಇದ್ದವರು, ಮೊದಲೇ ಆಗಾಗ ತಲೆನೋವು, ಹೊಟ್ಟೆನೋವು ಎನ್ನುತ್ತಿದ್ದವರು ಹೆಚ್ಚು ನೋವಿಗೆ ಒಳಗಾಗಿದ್ದರು. ನೋವು ಸುಳ್ಳು ಎಂದು ಇದರ ಅರ್ಥ ಅಲ್ಲ, ನೋವು ನಿಜವೇ. ಆದರೆ ಅದಕ್ಕೆ ಬೆನ್ನೆಲುಬು ಒಂದೇ ಮೂಲ ಅಲ್ಲ. ಮಗುವಿನ ಇಡೀ ಬದುಕನ್ನು ನೋಡಬೇಕು. ಫುಲ್ ಎ ಪ್ಲಸ್ ಬಂದವರ ಫೋಟೋ ಹಾಕಿ ಪ್ರತಿ ಜಂಕ್ಷನ್‌ನಲ್ಲಿ ಫ್ಲೆಕ್ಸ್ ಕಟ್ಟುವ ನಾವು, ಆ ಫ್ಲೆಕ್ಸ್ ಉಳಿದ ಮಕ್ಕಳ ಮೇಲೆ ಎಷ್ಟು ಭಾರ ಹಾಕುತ್ತದೆ ಎಂದು ತೂಕ ಮಾಡಿ ನೋಡಿದ್ದೇವೆಯೇ?

ಮಲಗಿಸಿದರೆ ಗುಣವಾಗುತ್ತದೆಯೇ?

ಎಣ್ಣೆಯ ಬಗ್ಗೆ ನನಗೆ ಜಗಳ ಇಲ್ಲ. ಎರಡು ವಾರ ಮಲಗಿಸುವ ಬಗ್ಗೆ ಇದೆ. 1986ರಲ್ಲೇ ಅಮೆರಿಕದ ವೈದ್ಯರು ಸೊಂಟ ನೋವಿನ 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 2 ದಿನ, ಇನ್ನೊಂದಕ್ಕೆ 7 ದಿನ ಮಲಗಿ ಎಂದರು. 2 ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಶೇ. 45ರಷ್ಟು ಕಡಿಮೆ. ಉಳಿದ ವಿಷಯಗಳಲ್ಲಿ ಹೆಚ್ಚು ಮಲಗಿದವರಿಗೆ ಯಾವ ಲಾಭವೂ ಕಾಣಲಿಲ್ಲ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ನಡೆದ ಪ್ರಯೋಗದಲ್ಲಿ, ನೋವು ಸಹಿಸುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ ಮಾಡುತ್ತ ಇದ್ದವರು ಹಾಸಿಗೆ ಹಿಡಿದವರಿಗಿಂತ ಬೇಗ ಚೇತರಿಸಿಕೊಂಡರು. ಇವು ದೊಡ್ಡವರ ಮೇಲೆ ನಡೆದ ಪ್ರಯೋಗಗಳು, ನಿಜ. ಆದರೆ ಮಲಗಿಯೇ ಬೆನ್ನು ಗಟ್ಟಿಯಾಗುತ್ತದೆ ಎಂಬ ನಂಬಿಕೆ ವೈದ್ಯಶಾಸ್ತ್ರದಲ್ಲಿ ಸತ್ತು ಎಷ್ಟೋ ವರ್ಷ ಆಯಿತು. ನಮ್ಮ ಜಗಲಿಗಳಲ್ಲಿ ಮಾತ್ರ ಅದು ಇನ್ನೂ ಜೀವಂತ.

ಬೆಲ್ಟಿನ ಕಥೆಯೂ ಹೀಗೆಯೇ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೊಡ್ಡವರ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳುವಳಿಕೆ ಕೊಡಿ ಎಂದಿತು. ಸೊಂಟದ ಬೆಲ್ಟನ್ನು ಸಾಮಾನ್ಯವಾಗಿ ಬಳಸಬೇಡಿ ಎಂದಿತು. ವೈದ್ಯರು ಪರೀಕ್ಷೆ ಮಾಡಿ, ನಿರ್ದಿಷ್ಟ ಕಾರಣಕ್ಕೆ ಮಗುವಿಗೆ ಬೆಲ್ಟ್ ಬರೆದುಕೊಟ್ಟರೆ ಆ ಮಾತು ಬೇರೆ. ಮೆಡಿಕಲ್ ಶಾಪಿನಿಂದ ನಾವೇ ತಂದು ಬಿಗಿಯುವುದು ಬೇಡ.

ಇನ್ನು ಸ್ಕ್ಯಾನ್. ನಮ್ಮ ಕಾಸರಗೋಡಿನವರಿಗೆ ಏನಾದರೂ ಮಂಗಳೂರು, ಮಂಗಳೂರು ಎಂದರೆ ಎಂಆರ್‌ಐ. ನೋವೇ ಇಲ್ಲದ 3,110 ಮಂದಿಯ ಸ್ಕ್ಯಾನುಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆ 2015ರಲ್ಲಿ ಬಂತು. ಅದರ ಪ್ರಕಾರ 20 ವರ್ಷ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಯ ಡಿಸ್ಕ್‌ನಲ್ಲಿ ಸವೆತ ಕಂಡುಬಂದಿತ್ತು. ಯಾರಿಗೂ ನೋವಿರಲಿಲ್ಲ! ಅವಸರದಲ್ಲಿ ಸ್ಕ್ಯಾನ್ ಮಾಡಿಸಿ, "ಡಿಸ್ಕ್ ಸವೆದಿದೆ" ಎಂಬ ಕಾಗದ ಹಿಡಿದು ಬಂದ ಹುಡುಗಿ ಮತ್ತೆ ಓಡಲು ಹೆದರುತ್ತಾಳೆ. ಆ ಹೆದರಿಕೆ ನೋವಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭಗಳೂ ಇವೆ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಜ್ವರದ ಜೊತೆ ಬೆನ್ನು ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಬಲ ಕಡಿಮೆಯಾಗುವುದು ಅಥವಾ ಜೋಮು, ಮಲಮೂತ್ರ ಹಿಡಿತ ತಪ್ಪುವುದು, ಬಿದ್ದ ನಂತರದ ನೋವು, ಚಿಕ್ಕ ಮಕ್ಕಳ ನೋವು, ವಾರಗಟ್ಟಲೆ ಬಿಡದ ನೋವು. ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ಆಗ ಸ್ಕ್ಯಾನ್ ಬೇಕೋ ಬೇಡವೋ ಎಂದು ಅವರೇ ಹೇಳಲಿ.

ಐದನೆಯ ಸಲಹೆಯೇ ಅಪಾಯದ್ದು

ಮೊದಲ ನಾಲ್ಕು ಸಲಹೆಗಳಿಂದ ಹೆಚ್ಚೆಂದರೆ ಹಣ ಮತ್ತು ಸಮಯ ಹೋದೀತು. "ಆಟ ಬಂದ್" ಎಂಬ ಐದನೆಯದ್ದರಿಂದ ಮಗುವಿನ ಆರೋಗ್ಯವೇ ಹೋಗುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಯನ್ನು ಗಟ್ಟಿ ಮಾಡುವ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಡೆಯುತ್ತಿರುವುದು ಏನು? 146 ದೇಶಗಳ 16 ಲಕ್ಷ ವಿದ್ಯಾರ್ಥಿಗಳ ಮಾಹಿತಿ ಆಧರಿಸಿ ಅದೇ ಸಂಸ್ಥೆಯ ಸಂಶೋಧಕರು 2019ರಲ್ಲಿ ಲೆಕ್ಕ ಕೊಟ್ಟರು. 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿಗೆ ಈ ಒಂದು ಗಂಟೆ ಸಿಗುತ್ತಿಲ್ಲ. ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85. 2001ರಿಂದ 2016ರ ನಡುವೆ ಹುಡುಗರ ಸ್ಥಿತಿ ಸ್ವಲ್ಪ ಸುಧಾರಿಸಿದರೆ, ಹುಡುಗಿಯರದ್ದು ಇದ್ದಲ್ಲೇ ಇತ್ತು.

ಆಟ ಆಡಿದರೆ ಬೆನ್ನು ನೋವು ಬರುವುದೇ ಇಲ್ಲ ಎಂದು ನಾನು ಹೇಳಿದರೆ ಅದೂ ಸುಳ್ಳಾಗುತ್ತದೆ. ಅತಿಯಾಗಿ ಬೌಲಿಂಗ್ ಮಾಡುವ ಎಳೆಯ ವೇಗದ ಬೌಲರುಗಳ ಬೆನ್ನೆಲುಬಿನಲ್ಲಿ ಬಿರುಕು ಬಿಡುವುದುಂಟು. ಕುಳಿತದ್ದರಿಂದಲೇ ನೋವು ಬರುತ್ತದೆ ಎಂದೂ ಹೇಳಲಾರೆ. ಆದರೆ ಒಂದು ಮಾತು ಖಂಡಿತ: ಚಟುವಟಿಕೆ ಹೃದಯಕ್ಕೆ, ಮೂಳೆಗೆ, ಮನಸ್ಸಿಗೆ ಒಳ್ಳೆಯದು, ಓದಿನ ಮೇಲೂ ಒಳ್ಳೆಯ ಪರಿಣಾಮ ಬೀರುತ್ತದೆ ಎಂದು ಅದೇ ಮಾರ್ಗಸೂಚಿಯಲ್ಲಿದೆ. ಅಂಕಕ್ಕಾಗಿ ಆಟ ನಿಲ್ಲಿಸುವ ಹೆತ್ತವರು ಈ ಕೊನೆಯ ಮಾತನ್ನು ಎರಡು ಸಲ ಓದಲಿ.

ಸಣ್ಣ ನೋವು, ದೊಡ್ಡವರಾದಾಗ ಹೋಗುತ್ತದೆ ಎಂದು ಬಿಡುವಂತೆಯೂ ಇಲ್ಲ. ಡೆನ್ಮಾರ್ಕಿನ ಅವಳಿಗಳ ಅಧ್ಯಯನದಲ್ಲಿ, ಹುಡುಗಿಯರು 18 ಮತ್ತು ಹುಡುಗರು 20 ತಲಪುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ಸೊಂಟ ನೋವು ಅನುಭವಿಸಿದ್ದರು. ಅವರನ್ನೇ 8 ವರ್ಷ ಬಿಟ್ಟು ನೋಡಿದಾಗ, ಹದಿಹರೆಯದಲ್ಲಿ ನೋವಿದ್ದವರಿಗೆ ಮುಂದೆಯೂ ನೋವು ಬರುವ ಸಾಧ್ಯತೆ ಹೆಚ್ಚಿತ್ತು. 2020ರಲ್ಲಿ ಲೋಕದಲ್ಲಿ 61.9 ಕೋಟಿ ಜನರಿಗೆ ಸೊಂಟ ನೋವಿತ್ತು ಎಂದು ಅಂದಾಜು. ಆ ಸಾಲಿಗೆ ನಮ್ಮ ಮಕ್ಕಳನ್ನು ನಾವೇ ಕೈಹಿಡಿದು ನಡೆಸಬೇಕೇ?

ನಮ್ಮ ಯುವಜನರಿಗೂ ಒಂದು ಮಾತು

ಎಲ್ಲ ತಪ್ಪನ್ನು ಹಿರಿಯರ ಮೇಲೆ ಹಾಕಿ ನಾವು ನುಣುಚಿಕೊಳ್ಳುವುದು ಬೇಡ. ನಮ್ಮ ಯುವ ಸಂಘಟನೆ ಆಟಕ್ಕಾಗಿ ಮಾಡುವುದೇನು? ವರ್ಷಕ್ಕೊಂದು ಕ್ರಿಕೆಟ್ ಪಂದ್ಯಾಟ. ಅದಕ್ಕೆ ದೊಡ್ಡ ಫ್ಲೆಕ್ಸ್, ದೊಡ್ಡ ಟ್ರೋಫಿ, ಮೈಕ್. ಆಡುವವರು ಮೊದಲೇ ಆಡಲು ಬರುವ ಕೆಲವೇ ಹುಡುಗರು. ಉಳಿದವರು ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಾರೆ. ಹುಡುಗಿಯರಿಗೆ ಚಾ ಕೊಡುವ ಕೆಲಸ. ಇದು ಕ್ರೀಡೆಯೂ ಅಲ್ಲ, ಆರೋಗ್ಯವೂ ಅಲ್ಲ, ಕಾರ್ಯಕ್ರಮ. ದೇಹ ದೇವರ ಆಲಯ ಎಂದು ಕ್ರೈಸ್ತ ಶಿಕ್ಷಣದ ತರಗತಿಯಲ್ಲಿ ಕಲಿಸುತ್ತೇವೆ. ತರಗತಿ ಬಿಟ್ಟ ಕೂಡಲೇ ಆ ದೇಹವನ್ನು ಸ್ಕೂಟರಿನ ಹಿಂದೆ ಕೂರಿಸಿ ಟ್ಯೂಷನ್‌ಗೆ ಕಳಿಸುತ್ತೇವೆ.

ಇನ್ನು ಹಿರಿಯರು ಹೇಳುವುದುಂಟು: "ನಮ್ಮ ಕಾಲದಲ್ಲಿ ಆಟಕ್ಕೆ ಎಲ್ಲಿ ಸಮಯ? ಶಾಲೆಗೆ ನಡೆದೇ ಹೋಗುತ್ತಿದ್ದೆವು, ಬಂದು ತೋಟಕ್ಕೆ ನೀರು ಬಿಡುತ್ತಿದ್ದೆವು, ಅಡಿಕೆ ಹೆಕ್ಕುತ್ತಿದ್ದೆವು." ಸರಿಯಾಗಿಯೇ ಹೇಳುತ್ತೀರಿ. ನಿಮಗೆ ಗುಡ್ಡ ಇತ್ತು, ಗದ್ದೆ ಇತ್ತು, ನಡೆಯುವ ದಾರಿ ಇತ್ತು. ನಮ್ಮ ಮಕ್ಕಳಿಗೆ ಶಾಲೆಯ ಬಸ್ಸು ಮನೆ ಬಾಗಿಲಿಗೆ ಬರುತ್ತದೆ. ಗದ್ದೆಯಲ್ಲಿ ಮನೆ ಎದ್ದಿದೆ. ಹೈವೇಯ ಬದಿಯಲ್ಲಿ ನಡೆಯಲು ನೀವೇ ಬಿಡುವುದಿಲ್ಲ. ಅವರಿಗೆ ಉಳಿದಿರುವುದು ಚರ್ಚಿನ ಹಿಂದಿನ ಆ ಒಂದು ತುಂಡು ಜಾಗ. ಅದಕ್ಕೂ ಇಂಟರ್‌ಲಾಕ್ ಹಾಕಿದರೆ?

2024ರ ಏಪ್ರಿಲ್‌ನಲ್ಲಿ ನಮ್ಮ ಕೇರಳ ಹೈಕೋರ್ಟ್, ಶಾಲೆಯೊಂದರ ಮೈದಾನದ ಪ್ರಕರಣದಲ್ಲಿ, ಆಟವೂ ಶಿಕ್ಷಣದ ಹಕ್ಕಿನೊಳಗೆ ಬರುತ್ತದೆ ಎಂದಿತು. ನಿಯಮದಂತೆ ಮೈದಾನ ಇಲ್ಲದ ಶಾಲೆಗಳನ್ನು ಮುಚ್ಚಿಸುವಂಥ ಕಠಿಣ ಕ್ರಮಕ್ಕೂ ಸರಕಾರ ಮುಂದಾಗಬೇಕು ಎಂದಿತು. ಆ ಮಾತು ಶಾಲೆಗಳಿಗೆ ಹೇಳಿದ್ದು, ಚರ್ಚಿಗೆ ಅನ್ವಯಿಸದಿರಬಹುದು. ಆದರೆ ನ್ಯಾಯಾಲಯ ಹೇಳಿದ ಮೇಲೆಯೇ ನಮಗೆ ಅರ್ಥವಾಗಬೇಕೇ?

ನಾವು ಕೇಳುವುದು ಇಷ್ಟು

ವಂದನೀಯ ಫಾದರ್ ಅವರಲ್ಲಿ, ಪಾಲನಾ ಮಂಡಳಿಯ ಸದಸ್ಯರಲ್ಲಿ, ಗುರ್ಕಾರರಲ್ಲಿ ನಮ್ಮ ವಿನಂತಿ ಹೀಗಿದೆ.

ಮೈದಾನಕ್ಕೆ ಇಂಟರ್‌ಲಾಕ್ ಬೇಡ. ವಾಹನ ನಿಲ್ಲಿಸುವ ಕಷ್ಟ ನಮಗೂ ಗೊತ್ತಿದೆ. ಭಾನುವಾರ ಬೆಳಗ್ಗೆ, ಹಬ್ಬ, ಮದುವೆಯ ದಿನ ಮೈದಾನದ ಒಂದು ಬದಿಗೆ ಹಗ್ಗ ಕಟ್ಟಿ ವಾಹನ ನಿಲ್ಲಿಸೋಣ. ನಿಂತು ನೋಡಿಕೊಳ್ಳುವ ಕೆಲಸ ಯುವಜನರದ್ದು. ಉಳಿದ ದಿನ ಅದು ಮಕ್ಕಳದ್ದಾಗಿರಲಿ.

ಭಾನುವಾರ ಕ್ರೈಸ್ತ ಶಿಕ್ಷಣದ ನಂತರ ಒಂದು ಗಂಟೆ ಆಟ ಇಡೋಣ. ಆಡಲು ಬಾರದವರಿಗೇ ಮೊದಲ ಅವಕಾಶ. ಥ್ರೋಬಾಲ್, ಲಗೋರಿ, ಹಗ್ಗ ಜಿಗಿತ, ಏನಾದರೂ ಸರಿ. ಹುಡುಗಿಯರಿಗೆ ಸಂಕೋಚ ಆಗದಂತೆ ಇಬ್ಬರು ಅಮ್ಮಂದಿರು ಜೊತೆಗಿರಲಿ. ಸಾಧ್ಯವಾದರೆ ಅವರೂ ಆಡಲಿ!

ಹೆತ್ತವರೇ, ಹತ್ತನೇ ತರಗತಿ ಎಂದು ಆಟ ನಿಲ್ಲಿಸಬೇಡಿ. ದಿನಕ್ಕೆ 24 ಗಂಟೆ ಇದೆ. ನಾವು ಕೇಳುತ್ತಿರುವುದು ಒಂದನ್ನು.

ಕೊನೆಗೆ ತಂಗಿಯ ವಿಷಯ. ನೋವು ಮೂರು ವಾರ ಬಿಡದ ಕಾರಣ ವೈದ್ಯರಿಗೆ ತೋರಿಸಿದೆವು. ಅವರು ಬಗ್ಗಿಸಿ, ನಡೆಸಿ, ಕಾಲಿನ ಬಲ ನೋಡಿ, ಹೆದರುವಂಥದ್ದು ಏನಿಲ್ಲ ಎಂದರು. ಸ್ಕ್ಯಾನ್ ಬರೆಯಲಿಲ್ಲ. "ದಿನಾ ಏನೇನು ಮಾಡ್ತೀ?" ಎಂದು ಕೇಳಿದರು. ಬೆಳಗ್ಗೆ ಏಳಕ್ಕೆ ಟ್ಯೂಷನ್, ಆಮೇಲೆ ಶಾಲೆ, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಹತ್ತರ ತನಕ ಓದು ಎಂದು ಅವಳು ಹೇಳಿದಾಗ ಅವರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದರು. ಈಗ ಸಂಜೆಯ ಟ್ಯೂಷನ್ ಇಲ್ಲ. ನೋವು ಪೂರ್ತಿ ಹೋಗಿಲ್ಲ, ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ಆದರೆ ಸಂಜೆ ಐದಕ್ಕೆ ಅವಳು ಮತ್ತು ನೆರೆಮನೆಯ ಮೂವರು ಹುಡುಗಿಯರು ಚರ್ಚಿನ ಹಿಂದೆ ಥ್ರೋಬಾಲ್ ಆಡುತ್ತಾರೆ.

ಪಾಲನಾ ಮಂಡಳಿಯ ಮುಂದಿನ ಸಭೆಗೆ ಮೊದಲು ಸದಸ್ಯರು ಒಂದು ದಿನ ಸಂಜೆ ಐದಕ್ಕೆ ಅಲ್ಲಿಗೆ ಬಂದು ಹತ್ತು ನಿಮಿಷ ನಿಂತು ನೋಡಲಿ. ಆಮೇಲೆ ಇಂಟರ್‌ಲಾಕ್ ಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸಲಿ.