ಸಫರಚಂದದ ಬ್ರೆಡ್ಡಿಗೆ ಓವನ್ ಯಾಕ ಬೇಕ್ರಿ?

ಗಣಪತಿ ಹಬ್ಬದ ಹೊತ್ತಿಗೆ ಚಿಕ್ಕೋಡಿ, ನಿಪ್ಪಾಣಿ ಪ್ಯಾಟಿಯೊಳಗೆ ಸೇಬಿನ ರಾಶಿ ಬೀಳತೊಡಗುತ್ತದೆ. ನಮ್ಮ ಅಂಕಲಿ ಕಡೆ ಅದಕ್ಕೆ ಸೇಬು ಅನ್ನೋರು ಕಡಿಮೆ, ಮರಾಠಿ ಸೀಮೆ ಪಕ್ಕದಲ್ಲೇ ಇರುವುದರಿಂದ ‘ಸಫರಚಂದ’ ಅಂದರೇನೇ ತಿಳಿಯೋದು. ಹಿಮಾಚಲದ ಹಣ್ಣು ಜುಲೈಯಿಂದಲೇ ಶುರುವಾಗುತ್ತದೆ, ಅದರ ಬೆನ್ನಿಗೆ ಕಾಶ್ಮೀರದ್ದು. ಪೂಜೆಗೆ ಐದು ಹಣ್ಣು ಅಂತ ತಂದದ್ದು, ಬೀಗರು ಬಂದಾಗ ತಂದದ್ದು, ದವಾಖಾನೆಯಿಂದ ವಾಪಸ್ಸು ಬಂದ ಮನೆಯವರ ಚೀಲದಲ್ಲಿ ಉಳಿದದ್ದು... ಎಲ್ಲಾ ಸೇರಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ ಕೂತು ಹಿಟ್ಟು ಹಿಟ್ಟಾಗುತ್ತವೆ. ಯಾರಿಗೂ ಬೇಡವಾದ ಮೇಲೆ ಅವನ್ನು ತಿನ್ನುವವರು ಯಾರು ಅಂತ ನಾನು ಹೇಳಬೇಕಾಗಿಲ್ಲ, ಅಲ್ಲವೇ?

ಇಂಥ ಮೆತ್ತಗಾದ ಹಣ್ಣಿಗೆ ಹೇಳಿ ಮಾಡಿಸಿದ ತಿನಿಸು ದಾಲ್ಚಿನ್ನಿ ಹಾಕಿದ ಸೇಬಿನ ಬ್ರೆಡ್ಡು. ಇತ್ತೀಚೆಗೆ ಟೀವಿಯಲ್ಲಿ, ಫೋನಿನಲ್ಲಿ ಇದರದ್ದೇ ಜಾತ್ರೆ. ನೋಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ‘ವೈನಿ, ಓವನ್ ಇಲ್ದ ಆಗೂದಿಲ್ಲೇನ್ರಿ?’ ಇನ್ನು ಕೆಲವರದು ಮೊಟ್ಟೆಯ ತಕರಾರು. ಅತ್ತಿಯವರು ಮೊಟ್ಟೆ ಒಳಗೆ ಬಿಡೋದಿಲ್ಲ, ಹಾಗಾಗಿ ಈ ಬ್ರೆಡ್ಡು ನಮ್ಮಂಥವರಿಗಲ್ಲ ಅಂತ ಸುಮ್ಮನಾಗಿಬಿಡುತ್ತಾರೆ. ಬ್ರೌನ್ ಶುಗರ್ ಹುಡುಕಿಕೊಂಡು ಬೆಳಗಾವಿತನಕ ಹೋಗಿಬಂದವರನ್ನೂ ನಾನು ಬಲ್ಲೆ. ಸುತ್ತ ನಾಲ್ಕೂ ದಿಕ್ಕಿಗೆ ಕಬ್ಬು ನಿಂತಿರುವ ಊರಿನಿಂದ!

ನನ್ನ ಅಭಿಪ್ರಾಯ ಕೇಳಿದರೆ, ಈ ಬ್ರೆಡ್ಡಿನಲ್ಲಿ ನಮಗೆ ಹೊಸದು ಅಂತ ಇರುವುದು ಹೆಸರು ಮತ್ತು ಸೋಡಾ, ಎರಡೇ. ಕುಂಬಳಕಾಯಿ ತುರಿದು, ಬೆಲ್ಲ ಕೂಡಿಸಿ, ಗೋಧಿ ಹಿಟ್ಟು ಕಲಸಿ ಗಾರಿಗೆ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕರಾವಳಿ ಮತ್ತು ಕೊಂಕಣದ ಕಡೆ ಸೌತೆಕಾಯಿ ತುರಿ, ರವೆ, ಬೆಲ್ಲ ಸೇರಿಸಿ ತವಸಳಿ ಮಾಡುತ್ತಾರೆ. ಹಿಂದೆ ಅದನ್ನು ಬೇಯಿಸುತ್ತಿದ್ದದ್ದು ಒಲೆಯ ಮೇಲೆ ಪಾತ್ರೆ ಇಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ. ಕೆಳಗೂ ಬೆಂಕಿ, ಮೇಲೂ ಬೆಂಕಿ. ಓವನ್ ಅಂದರೆ ಇನ್ನೇನು? ಹಣ್ಣಿನ ತುರಿ, ಬೆಲ್ಲ, ಹಿಟ್ಟು ಈ ಮೂರರ ಲೆಕ್ಕ ಗೊತ್ತಿದ್ದವಳಿಗೆ ಸೇಬಿನ ಬ್ರೆಡ್ಡು ಏನೂ ಕಠಿಣವಲ್ಲ.

ಸೋಡಾದ ವಿಷಯ ಮಾತ್ರ ತಿಳಿದುಕೊಳ್ಳಬೇಕು. ಪೇಟೆಯ ಬ್ರೆಡ್ಡು ಉಬ್ಬುವುದು ಈಸ್ಟಿನಿಂದ, ಅದಕ್ಕೆ ನಾದಬೇಕು, ತಾಸುಗಟ್ಟಲೆ ಕಾಯಬೇಕು. ಇದು ದಿಢೀರ್ ಬ್ರೆಡ್ಡು. ಅಡಿಗೆ ಸೋಡಾಕ್ಕೆ ಮೊಸರಿನ ಹುಳಿ ತಾಗಿದ ಕೂಡಲೇ ಗಾಳಿಗುಳ್ಳೆ ಏಳುತ್ತವೆ, ಅವೇ ಹಿಟ್ಟನ್ನು ಎತ್ತುತ್ತವೆ. ಬೇಕಿಂಗ್ ಪೌಡರಿನಲ್ಲಿ ಸೋಡಾ ಮತ್ತು ಹುಳಿಯ ಪುಡಿ ಎರಡೂ ಒಟ್ಟಿಗೇ ಇರುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ 1843ರಲ್ಲಿ ಅಂಥದೊಂದು ಪುಡಿ ತಯಾರಿಸಿದ. ಯಾಕೆ ಗೊತ್ತೇ? ಅವನ ಹೆಂಡತಿಗೆ ಈಸ್ಟ್ ಹಾಕಿದ ಬ್ರೆಡ್ಡು ಒಗ್ಗುತ್ತಿರಲಿಲ್ಲ. ಆಕೆಗೆ ಮೊಟ್ಟೆಯೂ ಆಗುತ್ತಿರಲಿಲ್ಲವೆಂದು ಅದಕ್ಕೂ ಮೊದಲೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ್ದ. ಹೆಂಡತಿಗಾಗಿ ಇಷ್ಟು ತಲೆ ಕೆಡಿಸಿಕೊಂಡ ಗಂಡಸರು ಎಲ್ಲ ಕಾಲಕ್ಕೂ ಅಪರೂಪವೇ ಬಿಡಿ.

ಈಗ ಅಳತೆ. ಗೋಧಿ ಹಿಟ್ಟು ಒಂದೂವರೆ ವಾಟಗಾ, ಅಂದರೆ ಸುಮಾರು 200 ಗ್ರಾಂ. ಅದಕ್ಕೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಅಡಿಗೆ ಸೋಡಾ, ಚಿಟಿಕೆ ಉಪ್ಪು, ಒಂದು ಸಣ್ಣ ಚಮಚ ದಾಲ್ಚಿನ್ನಿ ಪುಡಿ, ಅರ್ಧ ಚಮಚ ಒಣ ಶುಂಠಿ, ಎರಡು ಲವಂಗ ಕುಟ್ಟಿದ್ದು, ಜಾಜಿಕಾಯಿ ಒಂದೆರಡು ಸಲ ತೇಯ್ದಷ್ಟು. ಎಲ್ಲಾ ಎರಡು ಸಲ ಜರಡಿ ಹಿಡಿಯಿರಿ. ಇನ್ನೊಂದು ಬೋಗುಣಿಯಲ್ಲಿ 120 ಗ್ರಾಂ ಬೆಲ್ಲ, ಅರ್ಧ ವಾಟಗಾ ಮೊಸರು, ಮೂರನೇ ಒಂದು ವಾಟಗಾ ವಾಸನೆಯಿಲ್ಲದ ಎಣ್ಣೆ. ಎರಡು ಮಧ್ಯಮ ಗಾತ್ರದ ಸಫರಚಂದವನ್ನು ತೊಳೆದು, ಸಿಪ್ಪೆ ಸಮೇತ ಕಿಸಣಿಯಲ್ಲಿ ತುರಿದು ಅದರೊಳಗೇ ಬೀಳಿಸಿ. ಮೊಸರಿನೊಳಗೆ ಬಿದ್ದರೆ ಬೇಗ ಕಪ್ಪಾಗುವುದಿಲ್ಲ.

ಮೊಟ್ಟೆಯ ಜಾಗಕ್ಕೆ ಏನು ಅಂತೀರಾ? ಅಗಸಿ! ನಮ್ಮ ಉತ್ತರ ಕರ್ನಾಟಕದಲ್ಲಿ ಅಗಸಿ ಹಿಂಡಿ ಇಲ್ಲದ ಮನೆ ಉಂಟೇ? ಖಾರ ಹಾಕುವ ಮೊದಲು ಒಂದು ದೊಡ್ಡ ಚಮಚ ಬರೀ ಅಗಸಿ ಪುಡಿ ತೆಗೆದಿಡಿ. ಮೂರು ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಲೋಳೆ ಬಿಡುತ್ತದೆ, ಅದೇ ಹಿಟ್ಟನ್ನು ಹಿಡಿದಿಡುತ್ತದೆ. ವಿದೇಶದ ಅಡುಗೆ ಪುಸ್ತಕಗಳು ಈಗ ಇದನ್ನೇ ಬಹಳ ದೊಡ್ಡ ಉಪಾಯದಂತೆ ಬರೆಯುತ್ತವೆ.

ಬೆಲ್ಲದ ಬಗ್ಗೆ ಒಂದು ಮಾತು. ಹಳದಿಯಾಗಿ ಮಿಂಚುವ ಬೆಲ್ಲ ನೋಡಿ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ಕೆಲವು ಕಡೆ ರಾಸಾಯನಿಕ ಹಾಕುತ್ತಾರೆ. ಬ್ರೆಡ್ಡಿಗಂತೂ ಕಪ್ಪು ಬೆಲ್ಲವೇ ರುಚಿ, ಬಣ್ಣವೂ ಅದೇ ಕೊಡುತ್ತದೆ. ಪಕ್ಕದ ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಇತ್ತ ಮಹಾಲಿಂಗಪುರದ ಬೆಲ್ಲದ ಪೇಟೆ ಹೆಸರುವಾಸಿ. ಇವೆರಡರ ನಡುವೆ ಕೂತು ನಾವು ಬ್ರೌನ್ ಶುಗರಿಗೆ ದುಡ್ಡು ಸುರಿಯುವುದೇ? ಬೆಲ್ಲದಲ್ಲಿ ಉಸುಕು ಇರುವ ಅನುಮಾನವಿದ್ದರೆ ಎರಡು ಚಮಚ ನೀರಲ್ಲಿ ಕರಗಿಸಿ, ಸೋಸಿ, ಪೂರ್ತಿ ಆರಿಸಿ ಹಾಕಿ. ಬಿಸಿಯಿದ್ದಾಗ ಹಾಕಿದರೆ ಮೊಸರು ಒಡೆಯುತ್ತದೆ.

ಒಣ ಹಿಟ್ಟನ್ನು ಹಸಿಯದರಲ್ಲಿ ಹಾಕಿ ಕೈಯಾಡಿಸುವಾಗ ನಮ್ಮ ಚಪಾತಿ ಕೈ ಸುಮ್ಮನಿರುವುದಿಲ್ಲ. ಸುಮ್ಮನಿರಿಸಿ! ನಾದಿದರೆ ಹಿಟ್ಟಿಗೆ ಜಿಗಿ ಬಂದು ಬ್ರೆಡ್ಡು ರಬ್ಬರಾಗುತ್ತದೆ. ಒಣ ಹಿಟ್ಟು ಕಾಣದಂತಾದರೆ ಸಾಕು, ಗಂಟು ಒಂದೆರಡು ಇರಲಿ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಬೇಕು, ತೀರಾ ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು. ಕಲಸಿದ ಮೇಲೆ ಫೋನ್ ಬಂತು, ಹಾಲಿನವನು ಬಂದ ಅಂತ ಬಿಟ್ಟು ಹೋಗಬಾರದು, ಸೋಡಾದ ಗಾಳಿ ಹಾರಿಹೋಗುತ್ತದೆ.

ಇನ್ನು ಓವನ್. ಇದ್ದವರು 180 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿ, 45ರಿಂದ 50 ನಿಮಿಷ ಇಡಿ. ಇಲ್ಲದವರು ದಪ್ಪ ತಳದ ಹಳೆಯ ಡಬರಿ ಹುಡುಕಿ. ತಳದಲ್ಲಿ ಒಂದು ಇಂಚು ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಎಣ್ಣೆ ಸವರಿದ ಡಬ್ಬಿಯಲ್ಲಿ ಹಿಟ್ಟು ಸುರಿದು ಒಳಗಿಟ್ಟು, ಸಣ್ಣ ಉರಿಯಲ್ಲಿ 50 ನಿಮಿಷದಿಂದ ಒಂದು ತಾಸು. ಮೊದಲ ಅರ್ಧ ತಾಸು ಮುಚ್ಚಳ ತೆಗೆಯಬೇಡಿ. ಚಾಕು ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಮನೆಗಳಲ್ಲಿ ಕುಕ್ಕರಿನಲ್ಲೇ ಕೇಕ್ ಆದವು, ನಿಜ. ಆದರೆ ದಿನಾ ಅನ್ನ ಮಾಡುವ ಕುಕ್ಕರನ್ನು ಒಣಗಾಗಿ ತಾಸುಗಟ್ಟಲೆ ಕಾಯಿಸಿದರೆ ಅದರ ತಳ ಹಾಳು. ಬೇರೆ ಪಾತ್ರೆ ಇಲ್ಲವೇ ಇಲ್ಲ ಅನ್ನುವವರು ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದೇ ಇಡಬೇಕು, ಇದರಲ್ಲಿ ರಾಜಿ ಇಲ್ಲ. ಓವನ್ ಕೊಳ್ಳುವುದೇ ಬೇಡ ಅನ್ನುವವಳು ನಾನಲ್ಲ. ಮೊದಲು ಡಬರಿಯಲ್ಲಿ ನಾಲ್ಕಾರು ಸಲ ಮಾಡಿ ನೋಡಿ. ಕೈ ಕೂತು, ಮನಸ್ಸೂ ಕೂತರೆ ಆಮೇಲೆ ಕೊಳ್ಳಿ. ಎಷ್ಟು ಮನೆಗಳಲ್ಲಿ ಓವನ್ ಮೇಲೆ ಕ್ರೋಷಾ ಬಟ್ಟೆ ಹೊದಿಸಿ ಹೂದಾನಿ ಇಟ್ಟಿಲ್ಲ!

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯಕ್ಕೆ ನನ್ನ ವಿರೋಧವಿದೆ. ‘ಬೆಲ್ಲದ್ದು, ಗೋಧಿದು, ಹಣ್ಣಿಂದು, ಹಂಗಾರ ಸಕ್ಕರಿ ಕಾಯಿಲೆ ಇದ್ದವರಿಗೂ ನಡಿತೈತಿ’ ಅನ್ನುವ ಮಾತು. ನಡೆಯುವುದಿಲ್ಲ. ಬೆಲ್ಲವೂ ಸಕ್ಕರೆಯಂತೆಯೇ ರಕ್ತದ ಸಕ್ಕರೆ ಏರಿಸುತ್ತದೆ. ಲೆಕ್ಕ ಹಾಕಿ: 120 ಗ್ರಾಂ ಬೆಲ್ಲದ ಬ್ರೆಡ್ಡನ್ನು ಹತ್ತು ಹೋಳು ಮಾಡಿದರೆ ಹೋಳಿಗೆ 12 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ದೊಡ್ಡವರು ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದು. ಎರಡು ಹೋಳಿಗೇ ಆ ಲೆಕ್ಕ ಮುಗಿಯಿತು, ಚಹಾದ ಸಕ್ಕರೆ ಬೇರೆ. ಅತ್ತಿ ಮಾವನವರಿಗೆ ಮಧುಮೇಹ ಇದ್ದರೆ ‘ಪ್ರೀತಿಯಿಂದ’ ದೊಡ್ಡ ಹೋಳು ಕೊಡಬೇಡಿ. ಅವರು ಸಿಟ್ಟಾದರೂ ಸರಿ. ಮಕ್ಕಳ ಡಬ್ಬಿಗೂ ಇದು ರೊಟ್ಟಿ ಪಲ್ಯದ ಬದಲಿಯಲ್ಲ, ಸಂಜೆಯ ತಿನಿಸು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಹೆಚ್ಚಿದ ಸೇಬು ಕಂದಾಗುವುದು ಅದರಲ್ಲಿರುವ ಕಬ್ಬಿಣದ ಅಂಶದಿಂದ, ಹಾಗಾಗಿ ರಕ್ತ ಕಡಿಮೆ ಇದ್ದವರಿಗೆ ಸೇಬು ಕೊಡಬೇಕು ಅಂತ ನಮ್ಮಲ್ಲಿ ಹೇಳುತ್ತಲೇ ಬಂದಿದ್ದಾರೆ. ಬಣ್ಣ ತಿರುಗುವುದು ಗಾಳಿ ತಾಗಿದಾಗ ಹಣ್ಣಿನೊಳಗಿನ ಕಿಣ್ವ ಮಾಡುವ ಕೆಲಸ. ಸೇಬಿನಲ್ಲಿ ಕಬ್ಬಿಣ ತೀರಾ ಕಡಿಮೆ. 2019ರಿಂದ 2021ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡಿತ್ತು. ಅದಕ್ಕೆ ಬೇಕಾದದ್ದು ಸೊಪ್ಪು, ಕಾಳು, ಲಿಂಬೆಹುಳಿ, ಡಾಕ್ಟರು ಕೊಟ್ಟ ಗುಳಿಗೆ. ಸೇಬನ್ನು ರುಚಿಗಾಗಿ ತಿನ್ನಿ. ಅದೂ ಮನೆಯವರೆಲ್ಲ ತಿಂದ ಮೇಲೆ ಬೀಜದ ಸುತ್ತ ಉಳಿದದ್ದನ್ನಲ್ಲ! ಹಣ್ಣು ತಂದದ್ದು ಅವರಿಗೆ, ಮಕ್ಕಳಿಗೆ, ನನಗೇನು ಅನ್ನುವ ಚಟ ನಮ್ಮಲ್ಲಿ ಎಷ್ಟು ಬೇರೂರಿದೆ ಅಂದರೆ, ತಾನೇ ಮಾಡಿದ ಬ್ರೆಡ್ಡಿನ ಅಂಚಿನ ಸುಟ್ಟ ಹೋಳನ್ನು ತಟ್ಟೆಗೆ ಹಾಕಿಕೊಳ್ಳುವವರೇ ಜಾಸ್ತಿ. ನಡುವಿನ ಹೋಳೊಂದನ್ನು ಮೊದಲೇ ನಿಮಗೆಂದು ತೆಗೆದಿಟ್ಟರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ.

ಸಫರಚಂದ ತುಟ್ಟಿಯಾದ ತಿಂಗಳುಗಳಲ್ಲಿ ಗಜ್ಜರಿ ಅಥವಾ ಸಿಹಿ ಕುಂಬಳ ತುರಿದು ಹಾಕಿ, ಕುಂಬಳದ ನೀರು ಸ್ವಲ್ಪ ಹಿಂಡಿದರೆ ಅಳತೆ ಇದೇ ಸಾಕು. ಆರುವ ತನಕ, ಅಂದರೆ ಒಂದು ತಾಸಾದರೂ, ಕೊಯ್ಯಬೇಡಿ, ಪುಡಿಯಾಗುತ್ತದೆ. ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಮರುದಿನಕ್ಕೆ ಮಸಾಲೆ ಚೆನ್ನಾಗಿ ಇಳಿದಿರುತ್ತದೆ. ಹಂಚಿನ ಮೇಲೆ ಎರಡೂ ಕಡೆ ಬೆಚ್ಚಗೆ ಮಾಡಿ, ಒಂದಿಷ್ಟು ಮನೆಯ ಬೆಣ್ಣೆ ಸವರಿ, ಸಕ್ಕರೆ ಕಡಿಮೆ ಹಾಕಿದ ಚಹಾದ ಜೊತೆ ತಿಂದು ನೋಡಿ.