ಒಂದೇ ಹೆಡರ್ ಸಾಕು ಗುರು!

ಲ್ಯಾಬ್‌ನಲ್ಲಿ ಓಡಿದ ಪ್ರಾಜೆಕ್ಟ್, ಡೆಮೋ ಹಿಂದಿನ ರಾತ್ರಿ ನಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಕಂಪೈಲೇ ಆಗ್ಲಿಲ್ಲ. ಸೀನಿಯರ್ಸ್ ಕೊಟ್ಟ ಕೋಡ್‌ನಲ್ಲಿ ಟ್ರೂ, ಫಾಲ್ಸ್ ಇಟ್ಟು ಈನಮ್‌ನಿಂದ 'ಬೂಲ್' ಮಾಡಿಕೊಂಡಿದ್ದರು. ಸಿ23ರಲ್ಲಿ ಈ ಮೂರೂ ಕೀವರ್ಡ್‌ಗಳು. ಜಿಸಿಸಿ 15ಕ್ಕೆ ನಾವೇನೂ ಹೇಳದಿದ್ದರೆ ಅದು ಸಿ23 ಅಂತಲೇ ಓದುತ್ತೆ.

ಎರರ್ ಬಂದ ಫೈಲಿಗೆಲ್ಲ ಒಂದೊಂದು ಹ್ಯಾಶ್-ಇಫ್ ತುರುಕಿದೆವು, ಅದೂ ಕಂಪೈಲರ್ ಹೆಸರು ನೋಡಿ. ಬೆಳಗಾಗುವಷ್ಟರಲ್ಲಿ ಕೋಡ್ ತುಂಬಾ ತೇಪೆ! ಕ್ಲ್ಯಾಂಗ್ ಕೂಡ ಜಿಸಿಸಿಯ ಮ್ಯಾಕ್ರೋ ಇಟ್ಟುಕೊಂಡಿರುತ್ತೆ ಅಂತ ಆಮೇಲೆ ಗೊತ್ತಾಯ್ತು. ಹೆಸರು ಕೇಳಿ ಪ್ರಯೋಜನವಿಲ್ಲ, ಯಾವ ಸ್ಟ್ಯಾಂಡರ್ಡ್ ಅಂತ ಕೇಳಬೇಕು.

ಅದಕ್ಕೇ ಎಸ್‌ಟಿಡಿಸಿ ವರ್ಷನ್ ಮ್ಯಾಕ್ರೋ ಇರೋದು. ಸಿ99ಕ್ಕೆ ಅದರ ಬೆಲೆ 199901, ಸಿ23ಕ್ಕೆ 202311. ನಮ್ಮ ಪ್ರಕಾರ ಈ ಪರೀಕ್ಷೆ ಒಂದೇ ಹೆಡರ್‌ನಲ್ಲಿರಬೇಕು: 199901ಕ್ಕಿಂತ ಕಡಿಮೆಯಾದರೆ ನಮ್ಮ ಈನಮ್, 202311ಕ್ಕಿಂತ ಕಡಿಮೆಯಾದರೆ ಸ್ಟಡ್‌ಬೂಲ್ ಹೆಡರ್, ಇಲ್ಲದಿದ್ದರೆ ಏನೂ ಬೇಡ. ಮ್ಯಾಕ್ರೋನೇ ಇಲ್ಲದ ಹಳೇ ಕಂಪೈಲರ್ ಆದ್ರೂ ಚಿಂತೆಯಿಲ್ಲ. ಗೊತ್ತಿಲ್ಲದ ಹೆಸರನ್ನು ಹ್ಯಾಶ್-ಇಫ್ ಸೊನ್ನೆ ಅಂತ ತಗೊಳ್ಳುತ್ತೆ. ಉಳಿದ ಫೈಲ್‌ಗಳಲ್ಲಿ ಒಂದೂ ಹ್ಯಾಶ್-ಇಫ್ ಬೇಡ, ಈ ಹೆಡರ್ ಸೇರಿಸಿದ್ರೆ ಆಯ್ತು.

"ಹಳೇ ಸ್ಟ್ಯಾಂಡರ್ಡ್‌ನ ಫ್ಲ್ಯಾಗ್ ಕೊಟ್ರೆ ಮುಗೀತಲ್ಲ" ಅಂತೀರಾ? ಆ ರಾತ್ರಿಗೆ ಮುಗಿಯುತ್ತೆ, ನಿಜ. ಆದರೆ ಫ್ಲ್ಯಾಗ್ ನಮ್ಮ ತಲೆಯಲ್ಲಿರುತ್ತೆ, ಹೆಡರ್ ಕೋಡ್ ಜೊತೆಗೇ ಹೋಗುತ್ತೆ. ಮುಂದಿನ ವರ್ಷ ಈ ಕೋಡ್ ಜೂನಿಯರ್ಸ್ ಕೈಗೆ. ನಮ್ಮ ಹಾಗೆ ಅವರೂ ನಿದ್ದೆಗೆಡೋದು ಬೇಡ.